ತೀರ್ಪುಗಾರರ ತಟ್ಟೆ

ಮನುಷ್ಯನ ಮನಸ್ಸು ತಿಳಿಯಲು ಕೆಲವರು ಅಂಗೈ ನೋಡುತ್ತಾರೆ, ಕೆಲವರು ಜಾತಕ ನೋಡುತ್ತಾರೆ. ನಾನು ತಟ್ಟೆ ನೋಡುತ್ತೇನೆ. ಅಪ್ಪ ಉಡುಪಿ ಕಡೆಯಿಂದ ಬಂದು ಚೆನ್ನೈಯ ಎಗ್ಮೋರಿನಲ್ಲಿ ಶುರುಮಾಡಿದ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ನನಗೆ ಸಿದ್ಧಿಸಿದ ವಿದ್ಯೆ ಇದು. ಉಂಡೆದ್ದವರ ತಟ್ಟೆ ಕಂಡರೆ ಸಾಕು, ಅವರು ಆಫೀಸಿನಲ್ಲಿ ಬೈಸಿಕೊಂಡು ಬಂದವರೋ, ಹೆಣ್ಣು ನೋಡಲು ಹೊರಟವರೋ, ರೈಲು ತಪ್ಪಿಸಿಕೊಂಡವರೋ ಹೇಳಿಬಿಡುತ್ತೇನೆ. ಯಾರಾದರೂ ಪಲ್ಯ ಬಿಟ್ಟರಂತೂ ಹತ್ತಿರ ಹೋಗಿ ತಮಿಳಿನಲ್ಲಿ ಕಾರಣ ವಿಚಾರಿಸದೆ ಕಳಿಸಿದವನಲ್ಲ. ಗಿರಾಕಿಗಳಿಗೆ ಇದು ಇಷ್ಟವೆಂದೇ ನನ್ನ ನಂಬಿಕೆ.

ಹೀಗಿರುವಾಗ ನಮ್ಮ ಪಕ್ಕದ ಚಿತ್ರಮಂದಿರದಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಬಂತು. ಸ್ಪರ್ಧೆಯ ತೀರ್ಪುಗಾರರಿಗೆ ಮಧ್ಯಾಹ್ನದ ಊಟ ನಮ್ಮಲ್ಲೇ. ಅವರ ಮುಖ್ಯಸ್ಥೆ ಪೋಲೆಂಡಿನ ಒಬ್ಬ ಹಿರಿಯ ಹೆಂಗಸು. ಬೆಳಿಗ್ಗೆ ಚಿತ್ರ ನೋಡಿ, ಮಧ್ಯಾಹ್ನ ಎಲ್ಲರೂ ನಮ್ಮ ಮೂಲೆಯ ಮೇಜಿಗೆ ಬರುತ್ತಿದ್ದರು. ಒಂದೆರಡು ದಿನದಲ್ಲೇ ನಾನು ಗುಟ್ಟು ಹಿಡಿದೆ. ಚಿತ್ರ ಚೆನ್ನಾಗಿದ್ದರೆ ಅವರು ವಾದಕ್ಕೆ ಬೀಳುತ್ತಾರೆ, ಸಾಂಬಾರು ಆರುತ್ತದೆ, ತಟ್ಟೆ ಅರ್ಧ ಹಾಗೇ ವಾಪಸು. ಚಿತ್ರ ಕೆಟ್ಟದಾಗಿದ್ದರೆ ಮಾತಾಡಲು ಏನಿದೆ? ತಲೆ ತಗ್ಗಿಸಿ ಉಣ್ಣುತ್ತಾರೆ. ಒಬ್ಬ ಮೀನುಗಾರ ಉದ್ದಕ್ಕೂ ಸುಮ್ಮನೆ ದೋಣಿಯ ಹುಟ್ಟು ಹಾಕುವ ಚಿತ್ರವಿದ್ದ ದಿನ ನಮ್ಮ ಪೂರಿ ಹಿಟ್ಟೇ ಖಾಲಿಯಾಯಿತು. ಸಿನಿಮಾ ನೋಡದೆಯೇ ಸಿನಿಮಾ ಅಳೆಯುವವನು ಇಡೀ ಚೆನ್ನೈಯಲ್ಲಿ ನಾನೊಬ್ಬನೇ ಎಂದು ಒಳಗೊಳಗೇ ಬೀಗಿದೆ.

ಈಗ ಮುಖ್ಯ ವಿಷಯ. ನನ್ನ ಮಗಳು ಅನಘಾಳ ಸಾಕ್ಷ್ಯಚಿತ್ರವೂ ಆ ಸ್ಪರ್ಧೆಯಲ್ಲಿತ್ತು. ತಿಂಗಳುಗಟ್ಟಲೆ ಪುಟ್ಟ ಕ್ಯಾಮೆರಾ ಹಿಡಿದು ನಮ್ಮ ಹೋಟೆಲಿನ ಮೂಲೆಯಲ್ಲಿ ಕೂತಿದ್ದಳು. "ಎಂತದರ ಬಗ್ಗೆ ತೆಗಿತಿದ್ದಿ?" ಎಂದರೆ, "ಹೋಟೆಲ್ ಬಗ್ಗೇಪ್ಪಾ. ನೀ ಸುಮ್ಮಾ ಇರು, ಅಪ್ಪುರಂ ಕಾಟ್ರೇನ್" ಎಂದು, ಆಮೇಲೆ ತೋರಿಸುತ್ತೇನೆಂದು ತಮಿಳು ಬೆರೆಸಿ ಸಾಗಹಾಕುತ್ತಿದ್ದಳು. ಕಥಾನಾಯಕ ಮಸಾಲೆದೋಸೆಯೇ ಎಂದು ತಿಳಿದ ನಾನು ಕಾವಲಿಗಳನ್ನು ಉಜ್ಜಿಸಿ, ಕಾಫಿ ಲೋಟಗಳನ್ನು ಹೊಳೆಯಿಸಿ ಇಟ್ಟೆ. ನಮ್ಮಿಬ್ಬರಲ್ಲಿ ಒಂದು ಕರಾರೂ ಆಗಿತ್ತು. ಪ್ರಶಸ್ತಿ ಬಂದರೆ ಅವಳ ದಾರಿ ಸಿನಿಮಾ. ಬಾರದಿದ್ದರೆ ತಕರಾರಿಲ್ಲದೆ ಗಲ್ಲಾಕ್ಕೆ ಬರಬೇಕು. ನಾನು ಬಹಳ ಖುಷಿಯಿಂದ ಒಪ್ಪಿದ್ದೆ.

ಅವಳ ಚಿತ್ರ ತೋರಿಸಿದ ದಿನ ತೀರ್ಪುಗಾರರು ಬಂದು ಕೂತರು. ವಾದವಿಲ್ಲ, ಚರ್ಚೆಯಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಉಣ್ಣತೊಡಗಿದರು. ನಾನು ಹತ್ತಿರ ಹೋಗಿ ನಿಂತೆ. ಇನ್ನೂ ಬೇಗ ಉಂಡರು. ಆ ಪೋಲೆಂಡಿನ ಹೆಂಗಸು ಕರಿಬೇವನ್ನೂ ಬಿಡಲಿಲ್ಲ, ಒಗ್ಗರಣೆಯ ಒಣಮೆಣಸನ್ನೂ ಅಗಿದು ನುಂಗಿದರು. ಹೋಟೆಲಿನವನ ಜನ್ಮ ಸಾರ್ಥಕವಾಗುವ ಹಾಗೆ ತಟ್ಟೆಗಳು ಬರಿದಾದವು. ನನ್ನ ಶಾಸ್ತ್ರದ ಪ್ರಕಾರ ಮಗಳು ಸೋತಂತೆಯೇ. ಮಗಳು ಗಲ್ಲಾದಲ್ಲಿ ಕೂರಲೆಂದು ಹಂಬಲಿಸಿದವನು ನಾನೇ. ಆದರೆ ಅವಳು ಸೋತು ಬಂದು ಕೂರುವುದನ್ನು ನೋಡಲು ನನ್ನಿಂದಾಗದು ಎಂದು ಆಗ ತಿಳಿಯಿತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಊಟ ರುಚಿ ಇತ್ತು, ಉಂಡ್ರು ಮಾರಾಯ್ರೆ. ಎಲ್ಲದಕ್ಕೂ ನಿಮ್ಮದೊಂದು ಪಂಚಾಂಗ ಉಂಟಲ್ಲ" ಎಂದಳು ವಸಂತಿ. ಅವಳಿಗೆ ಈ ಶಾಸ್ತ್ರದ ಗಂಧವಿಲ್ಲ.

ಪ್ರಶಸ್ತಿ ಸಮಾರಂಭಕ್ಕೆ ಮಗಳನ್ನು ಸಮಾಧಾನಪಡಿಸುವ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೇ ಹೋದೆ. ವೇದಿಕೆಯಲ್ಲಿ ಅನಘಾಳ ಹೆಸರನ್ನೇ ಕೂಗಿದರು. ಅತ್ಯುತ್ತಮ ಸಾಕ್ಷ್ಯಚಿತ್ರ. ಆಮೇಲೆ ಅದನ್ನು ಎಲ್ಲರಿಗೂ ತೋರಿಸಿದರು. ಅದರಲ್ಲಿ ದೋಸೆಯಿಲ್ಲ, ಕಾವಲಿಯಿಲ್ಲ. ಶುರುವಿನಿಂದ ಕೊನೆಯವರೆಗೆ ನಾನು. ಗಲ್ಲಾದಿಂದ ಕತ್ತು ಉದ್ದ ಮಾಡಿ ಕಂಡವರ ತಟ್ಟೆ ನೋಡುವ ನಾನು. ಯಾರೋ ಅರ್ಧ ವಡೆ ಬಿಟ್ಟರೆ ಸೂತಕದ ಮುಖ ಮಾಡುವ ನಾನು. ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಯಲ್ಲಿ ಒಬ್ಬ ಮುದುಕ ತಟ್ಟೆ ಬರಿದು ಮಾಡಿ ಎದ್ದಾಗ ನನ್ನ ಮುಖ ಅರಳುತ್ತದೆ. ಆಗ ಯಾರೂ ನಗಲಿಲ್ಲ. ನಾನು ಅಷ್ಟು ಚೆನ್ನಾಗಿ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿತ್ತು. ಕಣ್ಣು ಒರೆಸಿಕೊಂಡೆ.

ಮುಖ್ಯಸ್ಥೆ ಬಂದು ಕೈಕುಲುಕಿದರು. ಆ ಚಿತ್ರ ನೋಡಿದ ಮೇಲೆ ನಿಮ್ಮೆದುರು ಒಂದು ಅಗುಳು ಬಿಡಲು ಯಾರಿಗೆ ಧೈರ್ಯವಿತ್ತು, ಸಂಜೆಯವರೆಗೂ ನಾಲಿಗೆ ಉರಿಯಿತು ಎಂದರು ಇಂಗ್ಲಿಷಿನಲ್ಲಿ. ನನ್ನ ಶಾಸ್ತ್ರ ಅಲ್ಲೇ ತೀರಿಕೊಂಡಿತು.

ಆಮೇಲೆ ಊಟ, ಬೇರೆ ಯಾರದೋ ಕೇಟರಿಂಗ್. ಪನೀರು ರಬ್ಬರಿನ ಹಾಗಿತ್ತು, ಗ್ರೇವಿ ಸಿಹಿ. ಎರಡು ತುತ್ತಿಗೇ ತಟ್ಟೆ ಕೆಳಗಿಡೋಣವೆಂದು ತಲೆ ಎತ್ತಿದರೆ, ಸಭೆಯ ಅರ್ಧ ಜನ ನನ್ನ ತಟ್ಟೆಯನ್ನೇ ನೋಡುತ್ತಿದ್ದಾರೆ. ಅಡುಗೆಯವನಂತೂ ಕಂಬದ ಪಕ್ಕ ನಿಂತು ಕತ್ತು ಉದ್ದ ಮಾಡಿದ್ದ. ಆ ಮುಖವನ್ನು ಈಗಷ್ಟೇ ಪರದೆಯ ಮೇಲೆ ನೋಡಿದ್ದೆ. ಪನೀರಿನ ಕೊನೆಯ ತುಂಡನ್ನೂ ನುಂಗಿ, ಅವನ ಹತ್ತಿರ ಹೋಗಿ ಇನ್ನೊಂದು ಸೌಟು ಹಾಕಿಸಿಕೊಂಡೆ.