ಕುಳ್ಳಯ್ಯನ ಮ್ಯಾಟಡೋರ್ ಸಂಸಾರ

ನಿವೃತ್ತರಾದ ಗಂಡಸರಿಗೆ ಹುಚ್ಚು ಹಿಡಿಯುವುದು ಹೊಸದೇನಲ್ಲ. ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು, ಕೆಲವರಿಗೆ ಪಂಚಾಯ್ತಿ ಚುನಾವಣೆಯ ಹುಚ್ಚು, ಇನ್ನು ಕೆಲವರಿಗೆ ಬೆಳಗ್ಗೆ ಎದ್ದು ಬೇವಿನ ರಸ ಕುಡಿಯುವ ಹುಚ್ಚು. (ಈ ಮೂರನೆಯವರೇ ಅಪಾಯ. ಮನೆಮಂದಿಗೆಲ್ಲ ಕುಡಿಸದೆ ಬಿಡುವುದಿಲ್ಲ.) ಪಾಂಡವಪುರದ ಲಾರಿ ಡ್ರೈವರ್ ಕುಳ್ಳಯ್ಯನಿಗೆ ಇದ್ಯಾವುದೂ ಸಾಲದೆ, ವ್ಯಾನಿನಲ್ಲೇ ಸಂಸಾರ ಹೂಡುವ ಹುಚ್ಚು ಹಿಡಿಯಿತು.

ಹೆಸರು ಕುಳ್ಳಯ್ಯನಾದರೂ ಆಳು ಆರಡಿ. ಮೂವತ್ತು ವರ್ಷ ಒಂದೇ ಸಕ್ಕರೆ ಕಾರ್ಖಾನೆಯ ಲಾರಿ ಓಡಿಸಿದವನು. ತೊಂಬತ್ತೈದರ ಸುಗ್ಗಿ ಮುಗಿಯುವ ಹೊತ್ತಿಗೆ ಕಾರ್ಖಾನೆಯವರು ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಹೊಗಳಿದ ಬಾಯಲ್ಲೇ ಕ್ವಾರ್ಟರ್ಸ್ ಖಾಲಿ ಮಾಡು ಅಂದರು. ಹೆಂಡತಿ ಸೋಮಮ್ಮ ಕಿರಂಗೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಗೊತ್ತುಮಾಡಿ ಬಂದಳು. ಆ ಮನೆ ನೋಡಲು ಹೊರಟ ಕುಳ್ಳಯ್ಯನ ಕಣ್ಣಿಗೆ ಶ್ರೀರಂಗಪಟ್ಟಣದ ಗ್ಯಾರೇಜಿನ ಮುಂದೆ ನಿಂತಿದ್ದ ಹಳೇ ಮ್ಯಾಟಡೋರ್ ವ್ಯಾನು ಬಿತ್ತು. ಸಂಜೆ ಅವನು ಮರಳಿದ್ದು ಮನೆಯ ಬೀಗದ ಕೈ ಹಿಡಿದಲ್ಲ, ವ್ಯಾನಿನ ಕೀ ಹಿಡಿದು.

ಅವನ ಲೆಕ್ಕದಲ್ಲಿ ಅದು ಹೆಂಡತಿಗೆ ಅವನು ಕೊಟ್ಟ ಮಹಾ ಉಡುಗೊರೆ. ಇಷ್ಟು ವರ್ಷ ತಾನು ರಸ್ತೆಯಲ್ಲಿ, ಅವಳು ಮನೆಯಲ್ಲಿ. ಮಕ್ಕಳೂ ಆಗಲಿಲ್ಲ. ಇನ್ನಾದರೂ ಇಬ್ಬರೂ ಒಟ್ಟಿಗಿರಬಾರದೇಕೆ? ಮನೆಯೇ ಜೊತೆಗೆ ಬರುವಾಗ ಮನೆಗೆ ವಾಪಸಾಗುವ ರಗಳೆಯೇ ಇರುವುದಿಲ್ಲವಲ್ಲ! ಈ ತತ್ವಜ್ಞಾನದ ಬಲದ ಮೇಲೆ ಅವನು ವ್ಯಾನಿನ ಹಿಂಭಾಗಕ್ಕೆ ಹಲಗೆಯ ಮಂಚ ಹೊಡೆಸಿದ. ಕಿಟಕಿಗಳಿಗೆ ಹೂವಿನ ಪರದೆ ಕಟ್ಟಿದ, ಸೀಮೆಎಣ್ಣೆ ಸ್ಟೌ ಇಡಲು ಗೂಡು ಮಾಡಿಸಿದ, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಹಿತ್ತಾಳೆ ಚಿಲಕ ಜಡಿಸಿದ.

ಸೋಮಮ್ಮ ಗುಡಿ ಸುತ್ತುವವಳಂತೆ ವ್ಯಾನಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಗಂಡನ ಮುಖ ನೋಡಿ, "ಕೊನೆಗೂ ನನ್ನ ಬೀದಿಗೆ ತಂದ್ಬುಟ್ಟೆಯಲ್ಲ" ಅಂದಳು. ಅಷ್ಟೆ. ಟ್ರಂಕಿಗೆ ಸೀರೆ ತುಂಬಿಕೊಂಡು ಕೆ.ಆರ್.ಪೇಟೆ ಬಸ್ಸು ಹತ್ತಿ, ಗೋವಿಂದನಹಳ್ಳಿಯಲ್ಲಿದ್ದ ತಮ್ಮ ನರಸಯ್ಯನ ಮನೆ ಸೇರಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಹಾಗೆ ಅಂದವರು ಗಂಡ ಹೆಂಡಿರು ಒಂದೇ ಕಡೆ ಉಣ್ಣುತ್ತಾರೆ, ಒಂದೇ ಕಡೆ ಮಲಗುತ್ತಾರೆ ಎಂದು ನಂಬಿದ್ದರು ಪಾಪ.

ಕುಳ್ಳಯ್ಯನಿಗೂ ರೋಷ ಬಂತು. ಬಂದರೆ ಬರಲಿ, ಬರದಿದ್ದರೆ ಅವಳಿಗೇ ನಷ್ಟ ಅಂದುಕೊಂಡು ತಾನೊಬ್ಬನೇ ಗೃಹಪ್ರವೇಶ ಮಾಡಿದ. ಅಂದರೆ, ಬಾಗಿಲು ತೆಗೆದು ಬಗ್ಗಿ ಒಳಗೆ ಹೋದ. ಆರಡಿ ಆಳು ನೆಟ್ಟಗೆ ನಿಲ್ಲುವಷ್ಟು ಎತ್ತರ ಆ ಅರಮನೆಗಿರಲಿಲ್ಲ. ಮೊದಲ ವಾರದಲ್ಲೇ ಅವನ ನಡಿಗೆ ಹುಡುಗಿ ನೋಡಲು ಬಂದವರ ಮುಂದೆ ಕಾಫಿ ತರುವ ಕನ್ಯೆಯಷ್ಟು ವಿನಯದ್ದಾಯಿತು.

ಅಡುಗೆಯ ಕತೆ ಕೇಳಬೇಡಿ. ಹಾಲಿಗೆ ಹೆಪ್ಪು ಹಾಕಿಟ್ಟು ನಾಗಮಂಗಲದವರೆಗೆ ಗಾಡಿ ಓಡಿಸಿದರೆ, ಅಲ್ಲಿ ಮುಚ್ಚಳ ತೆಗೆದಾಗ ಪಾತ್ರೆಯಲ್ಲಿದ್ದದ್ದು ಹಾಲೂ ಅಲ್ಲ, ಮೊಸರೂ ಅಲ್ಲ. ಅದು ಏನೆಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಅವನು, "ನೋಡೆ, ಇದೇನಾಗದೆ" ಅಂದುಬಿಟ್ಟಿದ್ದ. ಖಾಲಿ ವ್ಯಾನಿನೊಳಗೆ ತನ್ನ ದನಿ ಕೇಳಿ ತನಗೇ ನಾಚಿಕೆಯಾಗಿ, ಇದ್ದದ್ದನ್ನು ಹಾಗೇ ಕುಡಿದ.

ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಅನ್ನಕ್ಕಿಟ್ಟರೆ ಇನ್ನೊಂದು ಪೀಕಲಾಟ. ಅಲ್ಲಿಗೆ ಜನ ಬರುವುದು ಸತ್ತವರ ಅಸ್ಥಿ ಬಿಡುವುದಕ್ಕೆ. ಗಡ್ಡ ಬಿಟ್ಟುಕೊಂಡು, ತಲೆ ತಗ್ಗಿಸಿಕೊಂಡು, ಒಬ್ಬನೇ ಕೂತು ಅನ್ನ ಬೇಯಿಸುವವನನ್ನು ನೋಡಿದವರು ಏನಂದುಕೊಳ್ಳಬೇಕು? ಮಿಂದು ಬಂದ ಮುದುಕಿಯೊಬ್ಬಳು ಅವನ ಬೆನ್ನು ಸವರಿ, ಹುಟ್ಟಿದವರೆಲ್ಲ ಹೋಗಲೇಬೇಕಪ್ಪ ಎಂದು ಸಮಾಧಾನ ಹೇಳಿ, ಕೈಗೆ ಎರಡು ಬಾಳೆಹಣ್ಣು ಕೊಟ್ಟಳು. ನಮ್ಮ ಮನೆಯಲ್ಲಿ ಯಾರೂ ಹೋಗಿಲ್ಲ ಕಣಜ್ಜಿ ಎಂದು ಹೇಳಬೇಕೆಂದು ಅವನು ಬಾಯಿ ತೆರೆದ. ಆದರೆ ಎಷ್ಟೋ ದಿನದ ಮೇಲೆ ಯಾರೋ ಮೈದಡವಿ ಮಾತಾಡಿಸಿದ್ದರು. ಅವನು ಮುಖ ಆ ಕಡೆ ತಿರುಗಿಸಿಕೊಂಡು ಎರಡೂ ಹಣ್ಣು ತಿಂದ.

ಆಮೇಲೆ ಅವನಿಗೆ ಮನುಷ್ಯರ ಗದ್ದಲ ಬೇಕೆನಿಸತೊಡಗಿತು. ಬೆಳ್ಳೂರು ಕ್ರಾಸಿಗೆ ಹೋಗಿ ಹೋಟೆಲಿನಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದ. ಬಸ್ಸು ಬರುತ್ತಿತ್ತು, ಜನ ಏಳುತ್ತಿದ್ದರು, ಬೇರೆ ಜನ ಬಂದು ಕೂರುತ್ತಿದ್ದರು. ಮಾಣಿಗೆ ಅನುಮಾನ ಬಂದು, ಯಾವ ಬಸ್ಸಿಗೆ ಕಾಯುತ್ತಿದ್ದೀರಿ ಎಂದು ಕೇಳಿದ. ಯಾವುದಕ್ಕೂ ಇಲ್ಲ, ನನ್ನದೇ ಗಾಡಿ ಇದೆ ಅಂದ ಕುಳ್ಳಯ್ಯ. ಹಾಗಾದರೆ ಯಾಕೆ ಕೂತಿದ್ದೀರಿ ಎಂಬಂತೆ ಮಾಣಿ ನೋಡಿದ. ಕುಳ್ಳಯ್ಯ ಇನ್ನೊಂದು ಕಾಫಿ ಹೇಳಿದ. ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ಅವನಿಗೆ ಹೋಗಬೇಕೆನಿಸಿದ್ದು ಒಂದೇ ಕಡೆಗೆ.

ಗಡ್ಡ ಬೋಳಿಸಿಕೊಂಡು, ಮಲ್ಲಿಗೆ ಹೂ ಕಟ್ಟಿಸಿಕೊಂಡು, ಇದೇ ದಾರಿಯಲ್ಲಿ ಹೋಗುತ್ತಿದ್ದೆ ಅನ್ನುವ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಅವನು ಗೋವಿಂದನಹಳ್ಳಿಗೆ ಬಂದ. ನರಸಯ್ಯನ ಮನೆ ಎದುರಿನ ಕಣದಲ್ಲಿ ಸುಗ್ಗಿ ಮುಗಿದು ಜಾಗ ಖಾಲಿಯಿತ್ತು. ಅಲ್ಲೇ ವ್ಯಾನ್ ನಿಲ್ಲಿಸಿ, ಕರೆದರೂ ಕೆಳಗಿಳಿಯದೆ ಕೂತ. ತನಗೆ ಸ್ವಂತ ಮನೆಯಿದೆ, ಇನ್ನೊಬ್ಬರ ಮನೆಯ ಹಂಗಿಲ್ಲ ಎಂದು ಹೇಳಿ ಕಳಿಸಿದ.

ನರಸಯ್ಯನಿಗೆ ಜೀವ ಹೋದಂತಾಯಿತು. ಅಕ್ಕನ ಗಂಡ ಮನೆ ಬಾಗಿಲಿಗೆ ಬಂದು ಕಣದಲ್ಲಿ ಮಲಗುವುದೆಂದರೆ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನಿಲ್ಲ. ಅವನು ಓಡಿ ಬಂದು ವ್ಯಾನಿನ ಬಾಗಿಲು ಹಿಡಿದುಕೊಂಡ.

"ಬಾವ, ನನ್ ಮಾನ ಕಳೀಬ್ಯಾಡ. ಕೋಳಿ ಕುಯ್ಸಿವ್ನಿ. ಒಳೀಕ್ ಬಾ."

"ನಿಮ್ಮಕ್ಕ ಒಂದ್ಸಲ ವ್ಯಾನ್ ಹತ್ಲಿ," ಅಂದ ಕುಳ್ಳಯ್ಯ. "ಆಮೇಲೆ ನಾನು ಒಳೀಕ್ ಬತ್ತೀನಿ."

ಒಮ್ಮೆ ಆ ಪರದೆ, ಆ ಮಂಚ ನೋಡಿದರೆ ಕಲ್ಲಾದರೂ ಕರಗೀತು ಎಂಬುದು ಅವನ ನಂಬಿಕೆ. ತಮ್ಮನ ಮುಖ ನೋಡಿ ಸೋಮಮ್ಮ ಒಪ್ಪಿದಳು. ಹೂ ಇಸಿದುಕೊಂಡು, ತಮ್ಮನ ಹೆಂಡತಿ ಚಿಕ್ಕಬೋರಮ್ಮನನ್ನೂ ಜೊತೆಗೆ ಕರೆದುಕೊಂಡು ಅವಳು ವ್ಯಾನ್ ಹತ್ತಿದಳು. ಕೊಟ್ಟ ಮಾತಿನಂತೆ ಕುಳ್ಳಯ್ಯ ಮನೆಯೊಳಗೆ ಹೋಗಿ ಮುದ್ದೆ ಮುರಿದ.

ಅಲ್ಲೇ ಅವನು ಕೆಟ್ಟದ್ದು. ಬೀಗರೂಟದಂಥ ಊಟ ಮುಗಿಯಿತು, ಎಲೆ ಅಡಿಕೆ ಆಯಿತು, ನರಸಯ್ಯ ನಾಲೆ ನೀರಿನ ಮಾತು ತೆಗೆದ. ಇತ್ತ ವ್ಯಾನಿನೊಳಗೆ ಚಿಕ್ಕಬೋರಮ್ಮ ಹಿತ್ತಾಳೆ ಚಿಲಕ ನೋಡಿದಳು. ಮಾವ, ಗಂಡ, ನಾಲ್ಕು ಗಂಡುಮಕ್ಕಳು ತುಂಬಿದ ಆ ಮನೆಯಲ್ಲಿ ಹೆಂಗಸೊಬ್ಬಳು ಒಳಗಿನಿಂದ ಹಾಕಿಕೊಳ್ಳುವ ಚಿಲಕವೇ ಇರಲಿಲ್ಲ. ಅವಳು ಅದನ್ನು ಒಮ್ಮೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಸಂಜೆಯ ಹೊತ್ತಿಗೆ ಪಕ್ಕದ ಮನೆಯವಳು ಎಲೆ ತಟ್ಟೆ ತಂದಳು, ಎದುರು ಮನೆಯವಳು ಬಾಚಣಿಗೆ ತಂದಳು. ಕುಳ್ಳಯ್ಯ ಹೊರಗೆ ಬಂದು ನೋಡಿದರೆ ಪರದೆ ಎಳೆದಿತ್ತು, ಒಳಗೆ ಹಾಸ್ಯವೋ ಹಾಸ್ಯ. ಬಾಗಿಲು ತಟ್ಟಿದ್ದಕ್ಕೆ, ಹೆಂಗಸರು ಕೂತವ್ರೆ ಹೋಗಣ್ಣ ಎಂದು ಚಿಕ್ಕಬೋರಮ್ಮ ಒಳಗಿನಿಂದಲೇ ಹೇಳಿದಳು.

ಗೌರವದಿಂದ ಅವನಿಗೆ ನಡುಮನೆಯ ಪಕ್ಕದ ಕೋಣೆ, ಅದರಲ್ಲಿದ್ದ ಒಂದೇ ಒಂದು ಹಾಸಿಗೆ ಮಂಚ ಬಿಟ್ಟುಕೊಟ್ಟರು. ಸೋಮಮ್ಮ ವ್ಯಾನಿನಲ್ಲೇ ಮಲಗಿದಳು. ಮರುದಿನವೂ ಹಾಗೇ ಆಯಿತು. ಹೆಂಡತಿಗೆಂದೇ ಅವನು ಕಟ್ಟಿಸಿದ ಮನೆಯನ್ನು ಹೆಂಡತಿ ಮನಸಾರೆ ಒಪ್ಪಿದ್ದಳು. ಅವನೊಬ್ಬನು ಅದರಲ್ಲಿರಲಿಲ್ಲ, ಅಷ್ಟೆ.

ಮೂರನೆಯ ದಿನ ಸಂಜೆ ಅವನು ತಡೆಯಲಾರದೆ ಹೋಗಿ ಬಾಗಿಲು ಬಡಿದ. ಸೋಮಮ್ಮ ತಲೆ ಹೊರಗೆ ಹಾಕಿ, ಏನು ಎಂದು ಕೇಳಿದಳು. ಹೊರಡೋಣ ಎಂದು ಗತ್ತಿನಿಂದ ಹೇಳಬೇಕೆಂದು ಬಂದಿದ್ದ. ಬಾಯಿಂದ ಬಂದದ್ದೇ ಬೇರೆ.

"ಒಬ್ನೇ ಇರಕಾಯ್ತಿಲ್ಲ ಕಣಮ್ಮಿ."

ಪರದೆಯ ಹಿಂದೆ ಹೆಂಗಸರ ನಗು ನಿಂತಿತು. ಸೋಮಮ್ಮ ಕೆಳಗಿಳಿದು ಬಂದು, ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದಳು.

"ಮೂವತ್ತು ವರ್ಸ ಆ ಕ್ವಾಟ್ರಸ್ನಲ್ಲಿ ಒಬ್ಳೇ ಕುಂತು ನಿನ್ನ ಲಾರಿ ಸದ್ದು ಕೇಳ್ತದಾ ಅಂತ ಕಾದಿವ್ನಿ. ನಾನು ಒಂದ್ಸಲನಾದ್ರೂ ಹಿಂಗಂತ ಅಂದಿದ್ನಾ? ಮನೆ ಒಳಗೆ ಕುಂತು ಇನ್ನೊಬ್ರಿಗೆ ಕಾಯದು ಎಂಗಿರ್ತದೆ ಅಂತ ನೀನೂ ಒಂದು ತಿಂಗ್ಳು ನೋಡು. ಆಮೇಲೆ ಎಲ್ಲಿಗಂದ್ರೆ ಅಲ್ಲಿಗೆ ಬತ್ತೀನಿ."

ಕುಳ್ಳಯ್ಯ ನೆಲ ನೋಡಿದ. ಕೊನೆಗೆ ಕೇಳಿದ:

"ತಿಂಗ್ಳು ಅಂದ್ರೆ ಇವತ್ತಿಂದ್ಲಾ, ನಾಳಿಂದ್ಲಾ?"

"ನೀನು ಈಗ ಒಳೀಕ್ ಹೋದ ಗಳಿಗೆಯಿಂದ."

ಕುಳ್ಳಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಸರಸರನೆ ಒಳಗೆ ನಡೆದ.