ಸರ್ವಮಂಗಳಾ ತಲೆ ಬಗ್ಗಬಾರದು

ನಂದೀಶ್ವರಯ್ಯ: ಮೆತ್ತಗಿರೋದು ಬ್ಯಾಡ ಅಂದ್ರೆ ಬ್ಯಾಡ. ನಾನು ಕೇಳ್ತಿರೋದು ಲಾರಿಗೆ ಸ್ಪ್ರಿಂಗು ಸಾಬ್ರೆ, ಬಾಣಂತಿಗೆ ಹಾಸಿಗೆ ಅಲ್ಲ.

ಕರೀಮ್ ಸಾಬ್: ಓಟಕ್ಕೆ ಅಂದ್ರೆ ಮುಂದ್ಗಡೆ ಮೆತ್ತಗೇ ಇರ್ಬೇಕು ಸಾವ್ಕಾರ್ರೆ. ಗೇರ್ ಹಾಕಿ ಒದ್ದಾಗ ಮೂತಿ ಮೇಲೇಳ್ಬೇಕು, ಭಾರ ಹಿಂದಿನ ಚಕ್ರಕ್ಕೆ ಬೀಳ್ಬೇಕು. ಆವಾಗ್ಲೇ ಅದು ನೆಲ ಕಚ್ಕೊಂಡು ಹಾರೋದು.

(ಸಿರಾ ಪೇಟೆಯಲ್ಲಿ ಕರೀಮ್ ಸಾಬರ ಕುಲುಮೆ, ೧೯೬೧ನೇ ಇಸವಿ. ಲಾರಿಯ ಮುಂದಿನ ಸ್ಪ್ರಿಂಗಿಗೆ ಹಾಕುವ ಕಮಾನು ಪಟ್ಟಿಗಳು ನೆಲದ ಮೇಲೆ ಎರಡು ರಾಶಿಯಾಗಿ ಬಿದ್ದಿವೆ. ಒಂದು ರಾಶಿ ತೆಳುವು, ಇನ್ನೊಂದು ದಪ್ಪ. ಮಧುಗಿರಿಯ ಲಾರಿ ಮಾಲೀಕ ನಂದೀಶ್ವರಯ್ಯ ದಪ್ಪ ರಾಶಿಯ ಮೇಲೆಯೇ ಕೂತಿದ್ದಾನೆ. ಎದ್ದರೆ ಸಾಬರು ಅದನ್ನು ಒಳಗೆ ಸಾಗಿಸಿಬಿಡುತ್ತಾರೆಂಬ ಗುಮಾನಿ. ಬಾಗಿಲಲ್ಲಿ ನಿಂತಿರುವವಳು ಅವನ ಹೆಂಡತಿ ಸರ್ವಮಂಗಳಾ. ಹೊರಗೆ ನಿಂತಿರುವ ಲಾರಿಯ ಹಣೆಯ ಮೇಲೂ ಅವಳದೇ ಹೆಸರು, ಕೆಂಪು ಬಣ್ಣದಲ್ಲಿ, ಅಕ್ಕಪಕ್ಕ ಎರಡು ಗಿಳಿ.)

ನಂದೀಶ್ವರಯ್ಯ: ಮೇಲೇಳೋದು ಸರಿ. ಬ್ರೇಕ್ ಹಾಕಿದಾಗ?

ಕರೀಮ್ ಸಾಬ್: ಬಗ್ತದೆ.

ನಂದೀಶ್ವರಯ್ಯ: ಎಷ್ಟು?

ಕರೀಮ್ ಸಾಬ್: ಒಂದು ಗೇಣು.

ನಂದೀಶ್ವರಯ್ಯ: ಕೇಳಿಸ್ಕಂಡ್ಯೇನೆ? ಆ ಪರ್ವತಯ್ಯನ ಮುಂದೆ ನಿನ್ನ ಹೆಸ್ರು ಒಂದು ಗೇಣು ತಲೆ ಬಗ್ಗಿಸ್ತದಂತೆ.

ಸರ್ವಮಂಗಳಾ: ಸೋತ್ರೆ ಹೆಸ್ರೇ ಇರಾಕಿಲ್ಲ. ಪಂಥ ಕಟ್ಟೋ ಮುಂಚೆ ಅದನ್ನ ಯೋಚ್ನೆ ಮಾಡಿದ್ರಾ?

(ಕೊರಟಗೆರೆಯ ಪರ್ವತಯ್ಯ ನಂದೀಶ್ವರಯ್ಯನ ಷಡ್ಡಕ, ಅಂದರೆ ಸರ್ವಮಂಗಳಾಳ ಅಕ್ಕ ಕರಿಬಸಮ್ಮನ ಗಂಡ. ಅವನ ಲಾರಿಯ ಮೇಲೆ ಕರಿಬಸಮ್ಮನ ಹೆಸರಿದೆ. ಯಾರದೋ ನಾಮಕರಣದ ಊಟದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಯಾರ ಲಾರಿ ಜೋರಾಗಿ ಓಡುತ್ತದೆಂದು ಪಂಥ ಬಿದ್ದಿತ್ತು. ಸೋತವನ ಲಾರಿಯಿಂದ ಅವನ ಹೆಂಡತಿಯ ಹೆಸರು ಅಳಿಸಿ, ಗೆದ್ದವನ ಹೆಂಡತಿಯ ಹೆಸರು ಬರೆಯಬೇಕು. ಬುದ್ಧಿ ಇದ್ದಿದ್ದರೆ ಇಬ್ಬರೂ ಹೋಳಿಗೆ ತಿಂದು ಕೈ ತೊಳೆದುಕೊಂಡು ಏಳುತ್ತಿದ್ದರು.)

ಸರ್ವಮಂಗಳಾ: ಹುಟ್ಟಿದಾಗಿಂದ ಅಕ್ಕ ಉಟ್ಟು ಬಿಟ್ಟ ಲಂಗ, ಅಕ್ಕ ಬರೆದು ಬಿಟ್ಟ ಸ್ಲೇಟು. ಈಗ ನನ್ನ ಲಾರಿ ಮ್ಯಾಲೂ ಅಕ್ಕನ ಹೆಸ್ರಾ? ನಾ ತಡ್ಕಳಾಕಿಲ್ಲ. ಸಾಬ್ರೆ, ಯಾವುದು ಗೆಲ್ತದೋ ಅದನ್ನ ಹಾಕಿ.

ಕರೀಮ್ ಸಾಬ್: ನಾನ್ಯಾಕೆ ಹೇಳ್ಲಿ ತಾಯಿ. ಪಟ್ಟಿನೇ ಹೇಳ್ತದೆ.

(ಸಾಬರು ತೆಳು ಪಟ್ಟಿಯನ್ನು ಎತ್ತಿ ಸುತ್ತಿಗೆಯಿಂದ ತಟ್ಟಿದರು. ಅದು ಬಹಳ ಹೊತ್ತು ಗುಂಯ್‌ಗುಟ್ಟಿತು. ನಂದೀಶ್ವರಯ್ಯನ ಕೆಳಗಿದ್ದ ದಪ್ಪ ಪಟ್ಟಿಗೂ ಒಂದು ಕೊಟ್ಟರು. ಅದು ಢಬ್ ಅಂದು ಸುಮ್ಮನಾಯಿತು.)

ಕರೀಮ್ ಸಾಬ್: ನೋಡಿ. ಇದು ಹಾಡ್ತದೆ. ಅದು ಬಯ್ತದೆ.

ನಂದೀಶ್ವರಯ್ಯ: ನಮ್ಮನೇಲಿ ಬಯ್ಯೋದ್ರಿಂದ್ಲೇ ಕೆಲ್ಸ ನಡೆಯೋದು.

ಸರ್ವಮಂಗಳಾ: ಏಳಿ ಮೊದ್ಲು ಅದ್ರ ಮ್ಯಾಲಿಂದ.

ನಂದೀಶ್ವರಯ್ಯ: (ಎದ್ದು) ಆಯ್ತು, ಹಾಡೋದನ್ನೇ ಹಾಕಿ. ಮೂತಿ ಬಗ್ಗದಂಗೆ ನಾನು ನೋಡ್ಕಂತೀನಿ. ಹಿಂದ್ಗಡೆ ಹದಿನಾರು ಕಲ್ಲು ಚಪ್ಪಡಿ ಹೇರ್ತೀನಿ.

ಕರೀಮ್ ಸಾಬ್: ಓಟದ ಲಾರಿಗೆ ಚಪ್ಪಡಿನಾ?

ನಂದೀಶ್ವರಯ್ಯ: ಭಾರ ಹಿಂದಕ್ಕೆ ಬೀಳ್ಬೇಕು ಅಂದೋರು ನೀವೇ ತಾನೆ?

(ಸಾಬರು ತೆಳು ಪಟ್ಟಿಗಳನ್ನು ಎತ್ತಿಕೊಂಡು ಲಾರಿಯತ್ತ ನಡೆದರು.

ಭಾನುವಾರ ಬೆಳಿಗ್ಗೆ ಬಡವನಹಳ್ಳಿಯಾಚೆ ನೇರ ರಸ್ತೆಯಲ್ಲಿ ಓಟ. ಒಂದು ಹುಣಸೆಮರದಿಂದ ಇನ್ನೊಂದಕ್ಕೆ ಒಂದು ಫರ್ಲಾಂಗು. ರಸ್ತೆ ಇರುವುದೇ ಒಂದು ಲಾರಿಯಷ್ಟು ಅಗಲ, ಹಾಗಾಗಿ ಒಬ್ಬರಾದ ಮೇಲೆ ಒಬ್ಬರು. ಹೊರಡುವ ಮುನ್ನ ಮುಂದಿನ ಚಕ್ರದಡಿ ನಿಂಬೆಹಣ್ಣು ಇಡುವುದು ರೂಢಿಯಲ್ಲವೆ, ಆ ಹಣ್ಣು ಒಡೆದ ಗಳಿಗೆಯಿಂದ ಎಣಿಕೆ ಶುರು ಎಂದು ಮಾತಾಗಿತ್ತು. ಎಣಿಸುವವರು ಕರೀಮ್ ಸಾಬರು. ಸರ್ವಮಂಗಳಾ ಆಚೆಯ ಮರದಡಿ, ಲಾರಿ ಬಂದು ಮುಟ್ಟಿದಾಗ ಬೀಸಲು ಟವಲು ಹಿಡಿದು ನಿಂತಳು. ಪರ್ವತಯ್ಯನ ಲಾರಿ ನಲವತ್ತೆರಡು ಎಣಿಸುವಷ್ಟರಲ್ಲಿ ಅವಳನ್ನು ಮುಟ್ಟಿತು. ಅವನು ಬಣ್ಣ, ಕುಂಚ ಹಿಡಿದುಕೊಂಡೇ ನಡೆದು ವಾಪಸು ಬಂದ.

ನಂದೀಶ್ವರಯ್ಯ ಗೇರ್ ಹಾಕಿ ಒದ್ದ. ಲಾರಿ ಮೂತಿ ಎತ್ತಿತು. ಎತ್ತಿದ್ದನ್ನು ಇಳಿಸಲಿಲ್ಲ. ಚಪ್ಪಡಿಗಳ ಭಾರಕ್ಕೆ ಹಿಂಭಾಗ ನೆಲಕ್ಕೆ ಕೂತು, ಮುಂದಿನ ಚಕ್ರಗಳು ಗಾಳಿಯಲ್ಲಿ ನಿಂತವು. ನಿಂಬೆಹಣ್ಣು ಇಟ್ಟಲ್ಲೇ ಇತ್ತು.)

ಪರ್ವತಯ್ಯ: ಸಾಬ್ರೆ, ಎಣಿಸಿ.

ಕರೀಮ್ ಸಾಬ್: ಹಣ್ಣು ಒಡೀಲಿಲ್ಲ. ಎಲ್ಲಿಂದ ಎಣಿಸ್ಲಿ?

ಪರ್ವತಯ್ಯ: ಅಂಗಾದ್ರೆ ನಾನು ಗೆದ್ದಂಗೆ.

ನಂದೀಶ್ವರಯ್ಯ: (ಮೇಲಿನಿಂದ) ಹೊರಡೋಕೆ ಮುಂಚೆನೇ ಸೋಲೋದು ಹೆಂಗೆ ಅಣ್ಣಯ್ಯ?

ಪರ್ವತಯ್ಯ: ನೀನು ಅಲ್ಲೇ ಇರಪ್ಪ. ಇಳಿಯೋದ್ರೊಳ್ಗೆ ಅಳಿಸ್ಬುಡ್ತೀನಿ.

ಕರೀಮ್ ಸಾಬ್: ಹತ್ಬ್ಯಾಡಿ ಸ್ವಾಮಿ, ಮೆತ್ತನೆ ಸ್ಪ್ರಿಂಗು.

ಪರ್ವತಯ್ಯ: ನಿಮ್ಮ ಸ್ಪ್ರಿಂಗಿನ ಚೆಂದ ನೋಡಿದ್ನಲ್ಲ.

(ಪರ್ವತಯ್ಯ ತುಂಬಿದ ಮೈಯವನು. ಕುಂಚವನ್ನು ಹಲ್ಲಲ್ಲಿ ಕಚ್ಚಿಕೊಂಡು, ಪಕ್ಕದಿಂದ ಬಾನೆಟ್ಟಿನ ಮೇಲೆ ಹತ್ತಿ, ಸರ್ವಮಂಗಳಾ ಎಂಬ ಹೆಸರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಅದೇ ಹೊತ್ತಿಗೆ ಹಿಂದಿನ ಹಲಗೆಯ ಕೊಂಡಿ ಕಳಚಿ ಹದಿನಾರು ಚಪ್ಪಡಿಯೂ ರಸ್ತೆಗೆ ಜಾರಿದವು. ಮೂತಿ ದೊಪ್ಪನೆ ಕೆಳಗೆ ಬಿತ್ತು. ನಿಂಬೆರಸ ಸಾಬರ ಪೈಜಾಮಕ್ಕೆ ಸಿಡಿಯಿತು.)

ಕರೀಮ್ ಸಾಬ್: ಒಂದು.

(ಎಂಜಿನ್ನು ಇನ್ನೂ ಓಡುತ್ತಿತ್ತು, ನಂದೀಶ್ವರಯ್ಯ ಆಕ್ಸಿಲರೇಟರಿನಿಂದ ಕಾಲು ತೆಗೆದಿರಲಿಲ್ಲ. ಸ್ಪ್ರಿಂಗು ಕುಗ್ಗಿ ಚಿಮ್ಮಿದ್ದೇ ತಡ, ಲಾರಿ ಬಿಟ್ಟ ಬಾಣವಾಯಿತು. ಸಾಬರು ನ್ಯಾಯವಂತರು, ಎಣಿಸುತ್ತಲೇ ಇದ್ದರು. ನಂದೀಶ್ವರಯ್ಯನಿಗೆ ಗಾಜಿನ ತುಂಬ ಕಾಣುತ್ತಿದ್ದುದು ಪರ್ವತಯ್ಯನ ಹೊಟ್ಟೆ ಒಂದೇ. ಟವಲು ಬೀಸುವುದು ಕಾಣದೆ, ಹೆಂಡತಿ ಕೂಗಿದ್ದು ಕೇಳಿ ಬ್ರೇಕ್ ಒತ್ತಿದ. ಲಾರಿ ಸಾಬರು ಹೇಳಿದ ಹಾಗೆ ಸರಿಯಾಗಿ ಒಂದು ಗೇಣು ಬಗ್ಗಿತು. ಪರ್ವತಯ್ಯ ಬಾನೆಟ್ಟಿನಿಂದ ಜಾರಿ, ಮರದಡಿಯ ಮೆತ್ತನೆ ಧೂಳಿನಲ್ಲಿ, ನಾದಿನಿಯ ಕಾಲ ಬುಡದಲ್ಲಿ ಉದ್ದಕ್ಕೆ ಮಲಗಿದ.)

ಪರ್ವತಯ್ಯ: (ಬಾಯಿಂದ ಕುಂಚ ತೆಗೆದು, ಧೂಳು ಉಗಿದು) ಇದು ಲೆಕ್ಕಕ್ಕಿಲ್ಲ. ಲಾರಿ ಮ್ಯಾಲೆ ನಾನಿದ್ದೆ.

ಕರೀಮ್ ಸಾಬ್: (ಏದುಸಿರು ಬಿಡುತ್ತ ಓಡಿ ಬಂದು) ಮೂವತ್ತೈದು ಸ್ವಾಮಿ. ನಿಮ್ಮನ್ನ ಹೊತ್ಕಂಡೇ ಮೂವತ್ತೈದು.

ನಂದೀಶ್ವರಯ್ಯ: ಆದ್ರೂ ಸಾಬ್ರೆ, ಬಗ್ತಲ್ಲ. ನಾನು ಆವತ್ತೇ ಬಡ್ಕಂಡೆ.

ಸರ್ವಮಂಗಳಾ: ಬಗ್ಗಲಿ ಬುಡಿ. ನನ್ನ ಹೆಸ್ರು ಬಗ್ಗಿದ್ದು ಒಂದು ಗೇಣು. ಭಾವ ಪೂರ್ತಿ ಅಡ್ಡಬಿದ್ದವ್ರೆ. ಏಳಿ ಭಾವ, ಕುಂಚ ಕೈಯಾಗೇ ಐತೆ, ನಿಮ್ಮ ಲಾರಿಗೆ ನನ್ನ ಹೆಸ್ರು ಬರೀರಿ. ಗಿಳಿ ಮರೀಬ್ಯಾಡಿ.