ಖಾಲಿ ಹೋಗುವ ಕಾರು

ಇಷ್ಟೆಲ್ಲ ರಾದ್ಧಾಂತ ಶುರುವಾದದ್ದು ಡ್ರೈವರನ ಹೆಂಡತಿ ಕಾಂಪೌಂಡಿನ ಗೋಡೆಗೆ ಮೊಣಕೈ ಊರಿಕೊಂಡು ಆಡಿದ ಒಂದು ಮಾತಿನಿಂದ. “ನಮ್ಮವರ ಕಾರು ನಾಳೆ ಬೆಳಗ್ಗೆ ಏರ್‌ಪೋರ್ಟಿಗೆ ಖಾಲಿನೇ ಹೋಗುತ್ತೆ” ಅಂದಳು. ಗೋಡೆಯ ಆಚೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿದ್ದರು. ಈಚೆ, ಬಟ್ಟೆ ಹಿಂಡುತ್ತ ಅವಳ ತಾಯಿ ಇದ್ದರು. ಇಬ್ಬರ ಕಿವಿಗೂ ಆ ‘ಖಾಲಿ’ ಒಟ್ಟಿಗೇ ಬಿತ್ತು. ಖಾಲಿ ಕಾರೂ ಖಾಲಿ ಮನೆಯ ಹಾಗೆಯೇ. ಸುದ್ದಿ ಹೊರಗೆ ಬಿದ್ದ ಮೇಲೆ ಯಾರಾದರೂ ಬಂದು ಸೇರಿಕೊಂಡೇ ಸೇರಿಕೊಳ್ಳುತ್ತಾರೆ.

ಆ ಕಾರಿನ ಡ್ರೈವರನ್ನು ಊರೆಲ್ಲ ಕರೆಯುವುದು ಜೋಪಾನಪ್ಪ ಅಂತ. ಕುರ್ಚಿಯ ಮೇಲೆ ಕೂರುವವರಿಗೂ “ಜೋಪಾನ” ಅನ್ನುವ ಜಾಯಮಾನ. ವಿಮಾನ ಇಳಿದು ಬಂದ ಪ್ರವಾಸಿಗರನ್ನು ಕಡಲ ತೀರದ ರೆಸಾರ್ಟುಗಳಿಗೆ ಮುಟ್ಟಿಸುವುದು ಅವನ ಕೆಲಸ. ಎರಡು ಗಂಟೆಯ ದಾರಿ. ಕಾರು ಪೂರ್ತಿ ಬುಕ್ ಮಾಡಿದವರದು, ಬೇರೆ ಒಂದು ನರಪಿಳ್ಳೆ ಹತ್ತುವ ಹಾಗಿಲ್ಲ. ಅದಕ್ಕಾಗಿಯೇ ಅವರು ಬಸ್ಸು ಬಿಟ್ಟು ಇದಕ್ಕೆ ಬರುವುದು.

ಹೋದ ತಿಂಗಳು ಒಬ್ಬ ಗೆಸ್ಟಿಗೆ ಇವನು ದಾರಿಯುದ್ದಕ್ಕೂ ಸಮುದ್ರದ ಸುಳಿ, ಲೋಳೆಮೀನಿನ ಕುಟುಕು, ನಡುನೆತ್ತಿಯ ಮೇಲೆ ಬೀಳುವ ತೆಂಗಿನಕಾಯಿ ಎಲ್ಲದರ ಬಗ್ಗೆಯೂ ಜೋಪಾನ ಹೇಳಿದ್ದ. ಆ ಪುಣ್ಯಾತ್ಮ ಇದ್ದಷ್ಟು ದಿನವೂ ರೂಮು ಬಿಟ್ಟು ಹೊರಗೆ ಬರದೆ, ಕಿಟಕಿಯಿಂದಲೇ ಸಮುದ್ರ ನೋಡಿ, ವಾಪಸು ಹೋಗಿ ಉದ್ದನೆಯ ದೂರು ಬರೆದ. ಯಜಮಾನ ಇವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ:

“ಇದೇ ಕೊನೆ. ಬಾಯಿಗೆ ಬೀಗ ಹಾಕ್ಕೊಂಡು ಓಡಿಸು. ಕಾರೊಳಗೆ ಗೆಸ್ಟ್ ಬಿಟ್ರೆ ಒಂದು ನೊಣ ಕೂಡ ಇರಬಾರದು. ಇನ್ನೊಂದು ದೂರು ಬಂತೋ, ಕೀ ಇಟ್ಟು ಮನೆಗೆ ಹೋಗ್ತಾ ಇರು.”

ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡಿದ್ದ ಯಜಮಾನನ ಭಾಮೈದ ಮೂಲೆಯ ಸ್ಟೂಲಿನ ಮೇಲೆ ಕೂತು ಕಾಲು ಕುಣಿಸುತ್ತ ಇದನ್ನೆಲ್ಲ ಕೇಳಿಸಿಕೊಂಡ.

ಕೆಲಸ ಹೋದರೆ ಜೋಪಾನಪ್ಪ ಉಪವಾಸವೇನೂ ಬೀಳುತ್ತಿರಲಿಲ್ಲ. ಅವನು ಮನೆಅಳಿಯ. ಮನೆ ಅತ್ತೆಯದು, ಅಡುಗೆ ಅತ್ತೆಯದು, ಫ್ಯಾನು ಯಾವ ನಂಬರಿನಲ್ಲಿ ತಿರುಗಬೇಕು ಅನ್ನುವ ತೀರ್ಮಾನವೂ ಅತ್ತೆಯದು. ಅವರು ಕೆಟ್ಟವರಲ್ಲ, ಎಲ್ಲದರಲ್ಲೂ ಕೈಯಾಡಿಸುವವರು, ಅಷ್ಟೆ. ಆದರೆ ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಅದು ಇವನ ರಾಜ್ಯ. ಎ.ಸಿ. ಎಷ್ಟಿರಬೇಕು, ಹಾರ್ನ್ ಯಾವಾಗ ಹೊಡೆಯಬೇಕು, ಎಲ್ಲಿ ನಿಲ್ಲಿಸಿ ಟೀ ಕುಡಿಯಬೇಕು, ಎಲ್ಲ ಇವನದೇ. ಈ ಒಂದು ಜಾಗವೂ ಹೋದರೆ ಉಸಿರಾಡುವುದೆಲ್ಲಿ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಮಾರನೆಯ ಬೆಳಗ್ಗೆ ಕಾರು ತೊಳೆದು ಒರೆಸಿ, ಒಗೆದ ಶರ್ಟು ಹಾಕಿಕೊಂಡು ಹೊರಗೆ ಬಂದರೆ ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದಾರೆ. ಪಕ್ಕದಲ್ಲಿ ಮೇಷ್ಟ್ರು.

“ಅತ್ತೆ, ಇದರಲ್ಲಿ ಬೇರೆಯವರು ಕೂರೋ ಹಾಗಿಲ್ಲ.”

“ಬೇರೆಯವರು ಯಾರು ಕೂತಿದ್ದಾರೆ ಅಳಿಯಂದ್ರೆ? ನಾವೇ ತಾನೇ?”

“ಯಜಮಾನ್ರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

“ಹೇಳೋರು ಯಾರು? ನೀವೇ ಹೇಳ್ತೀರಾ? ಮೇಷ್ಟ್ರು ಕಣ್ಣಾಸ್ಪತ್ರೆಗೆ ಹೋಗ್ಬೇಕು, ಜೊತೆಗೆ ಯಾರೂ ಇಲ್ಲ. ಹೋಗ್ತಾ ನಿಮ್ಮ ಕಾರು, ಬರ್ತಾ ಬಸ್ಸು. ನಿಮ್ಮ ಗೆಸ್ಟ್ ಹತ್ತೋದು ಬರ್ತಾ ತಾನೇ?”

ಲೆಕ್ಕ ಸರಿಯಾಗಿತ್ತು. ಅತ್ತೆಯ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ, ಆಮೇಲೆ ಅನುಭವಿಸುವವನು ಅಳಿಯ.

“ಹೊರಡಯ್ಯಾ, ಹೊತ್ತಾದ್ರೆ ಡಾಕ್ಟ್ರು ಸಿಗಲ್ಲ” ಅಂದರು ಮೇಷ್ಟ್ರು. ಜೋಪಾನಪ್ಪ ಚಿಕ್ಕಂದಿನಲ್ಲಿ ಅವರ ಕೈಯಲ್ಲಿ ಏಟು ತಿಂದವನು. ಆ ದನಿ ಕೇಳಿದರೆ ಅಂಗೈ ಈಗಲೂ ಚುರುಗುಟ್ಟುತ್ತದೆ. ಕಾರು ಹೊರಟಿತು.

ಇಬ್ಬರನ್ನೂ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಸೀಟು ಕೊಡವಿ, ಮೇಷ್ಟ್ರ ಎರಡು ಬಿಳಿಕೂದಲು ಹೆಕ್ಕಿ ಎಸೆದು, ಒಳಗೆಲ್ಲ ಸೆಂಟು ಹೊಡೆದು ಏರ್‌ಪೋರ್ಟು ಸೇರಿದಾಗ ಅವನಿಗೆ ಹೋದ ಜೀವ ಬಂದ ಹಾಗಾಯಿತು. ಗೆಸ್ಟುಗಳು ಬಂದರು. ಹೊಸದಾಗಿ ಮದುವೆಯಾದವರು. ಗಂಡ ಕಿವಿಗೆ ಫೋನ್ ಒತ್ತಿಕೊಂಡು ಮುಂದೆ ಮುಂದೆ, ಹೆಂಡತಿ ಮುಖ ಊದಿಸಿಕೊಂಡು ಹಿಂದೆ ಹಿಂದೆ. ಜಗಳ ವಿಮಾನದಲ್ಲೇ ಆಗಿರಬೇಕು. ಆದರೆ ತನಗೇಕೆ ಊರ ಉಸಾಬರಿ ಎಂದು ಜೋಪಾನಪ್ಪ ತುಟಿ ಬಿಗಿದುಕೊಂಡು ಪೆಟ್ಟಿಗೆಗಳನ್ನು ಡಿಕ್ಕಿಗೆ ಇಟ್ಟ.

ಡಿಕ್ಕಿ ಮುಚ್ಚಿ ತಲೆಯೆತ್ತುತ್ತಾನೆ, ಎದುರಿಗೆ ಒಂದು ಆಟೊ ನಿಂತಿದೆ. ಅತ್ತೆ ಇಳಿದರು. ಆಮೇಲೆ, ಅವರ ಕೈ ಹಿಡಿದುಕೊಂಡು, ದಪ್ಪ ಕಪ್ಪು ಕನ್ನಡಕ ಹಾಕಿಕೊಂಡ ಮೇಷ್ಟ್ರು.

“ಸದ್ಯ, ಸಿಕ್ಕಿದ್ರಿ” ಅಂದರು ಅತ್ತೆ. “ಡಾಕ್ಟ್ರು ಕಣ್ಣಿಗೆ ಅದೇನೋ ಹನಿ ಹಾಕಿದ್ದಾರೆ. ಸಂಜೆವರೆಗೂ ಇವರಿಗೆ ಏನೂ ಕಾಣ್ಸಲ್ವಂತೆ. ಈ ಸ್ಥಿತೀಲಿ ಬಸ್ಸಿಗೆ ಹೇಗೆ ಹತ್ತಿಸ್ಲಿ? ನಿಮ್ಮ ಕಾರು ಹೇಗೂ ನಮ್ಮ ಮನೆ ಮುಂದೇನೇ ಹೋಗೋದಲ್ವಾ?”

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದು ಜೋಪಾನಪ್ಪ ಪಿಸುಗುಟ್ಟುವಷ್ಟರಲ್ಲಿ ಗಂಡ ಫೋನು ಕೆಳಗಿಳಿಸಿ ಕೇಳಿದ, “ಯಾರು ಇವರು?”

ಜೋಪಾನಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅತ್ತೆ ಅಂದರೆ ಕೆಲಸ ಹೋಯಿತು. ಯಾರೋ ಗೊತ್ತಿಲ್ಲ ಅಂದರೆ ಮನೆ ಹೋಯಿತು. ಅತ್ತ ದರಿ, ಇತ್ತ ಪುಲಿ.

“ಕಂಪನಿಯವರೇ ಸಾರ್” ಅಂದುಬಿಟ್ಟ. “ಇವರು ಗೈಡು. ಅವರು... ಮೇಡಂ ಅವರನ್ನ ನೋಡ್ಕೊಳ್ಳೋಕೆ.”

“ನಾವು ಇದನ್ನೆಲ್ಲ ಕೇಳಿರಲಿಲ್ಲವಲ್ಲ?”

“ಹೊಸ ಏರ್ಪಾಡು ಸಾರ್.”

ಅತ್ತೆ ಅಳಿಯನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು, ಹುಡುಗಿಯನ್ನು ಕಿಟಕಿಯ ಬಳಿ ಕೂರಿಸಿ, ತಾವು ನಡುವೆ ಕೂತು, “ನೀವು ಆ ಕಡೆಯಿಂದ ಬನ್ನಿ” ಎಂದು ಗಂಡನಿಗೆ ಅಪ್ಪಣೆ ಕೊಟ್ಟರು. ತಡವರಿಸುತ್ತಿದ್ದ ಮೇಷ್ಟ್ರನ್ನು ಮುಂದಿನ ಸೀಟಿಗೆ ತುಂಬಿದ್ದಾಯಿತು.

ಗೈಡು ಅನ್ನುವ ಮಾತು ಮೇಷ್ಟ್ರ ಕಿವಿಗೆ ಬಿದ್ದಿತ್ತು. ರಿಟೈರಾದ ಮೇಲೆ ಅವರ ಮಾತು ಕೇಳುವವರೇ ಇರಲಿಲ್ಲ. ಊರು ದಾಟುತ್ತಿದ್ದ ಹಾಗೆ ಗಂಟಲು ಸರಿಮಾಡಿಕೊಂಡರು.

“ಎಲ್ಲರೂ ಎಡಗಡೆ ನೋಡಿ. ಕಣ್ಣು ಹಾಯಿಸಿದಷ್ಟು ದೂರ ಗೋಡಂಬಿ ತೋಪು.”

ಎಡಗಡೆ ಪೆಟ್ರೋಲ್ ಬಂಕು, ಅದರ ಪಕ್ಕ ಟೈರಿನ ಅಂಗಡಿ. ಜೋಪಾನಪ್ಪ ಜೋರಾಗಿ ಕೆಮ್ಮಿದ.

“ಕೆಮ್ಮಿಗೆ ಔಷಧಿ ತಗೋಬೇಕಯ್ಯಾ” ಅಂದರು ಮೇಷ್ಟ್ರು. “ಈಗ ಬಲಗಡೆ ನೋಡಿ. ಕೆರೆ. ನೀರು ಎಷ್ಟು ತಿಳಿ ಅಂದ್ರೆ ತಳದ ಕಲ್ಲು ಕಾಣುತ್ತೆ. ಇಷ್ಟು ಹೊತ್ತಿಗೆ ಬಾತುಕೋಳಿ ಬರುತ್ತವೆ, ನೋಡ್ತಾ ಇರಿ.”

ಬಲಗಡೆ ಮೂರಂತಸ್ತಿನ ಸೋಫಾ ಅಂಗಡಿ. ಮೇಷ್ಟ್ರು ಈ ರಸ್ತೆಯನ್ನು ಕಣ್ಣಿಟ್ಟು ನೋಡಿ ಮೂವತ್ತು ವರ್ಷವಾಗಿರಬೇಕು. ಗಂಡ ಸೋಫಾ ಅಂಗಡಿಯನ್ನು ನೋಡಿದ, ಮೇಷ್ಟ್ರ ಬೆನ್ನನ್ನು ನೋಡಿದ. ಜೋಪಾನಪ್ಪ ಕನ್ನಡಿಯಲ್ಲಿ ಗಂಡನ ಮುಖ ನೋಡಿದ. ಆ ಮುಖದಲ್ಲಿ ಏನಿದೆ ಎಂದು ಗೊತ್ತಾಗಲಿಲ್ಲ. ಮತ್ತೆ ನೋಡಿದ. ಬಾಯಿ ಬಿಡುವ ಹಾಗಿಲ್ಲ, ಬಿಡದೆ ಇರಲೂ ಆಗದು. ಎ.ಸಿ. ಇದ್ದರೂ ಬೆವರು ಕಾಲರಿನೊಳಗೆ ಇಳಿಯತೊಡಗಿತು.

ತಿರುವುಗಳ ದಾರಿ ಬಂತು. ಎರಡು ತಿರುವು ಕಳೆಯುವಷ್ಟರಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡಿತು.

“ಕಾರು ನಿಲ್ಸಿ” ಅಂದರು ಅತ್ತೆ.

ಇಳಿಸಿ, ತಲೆ ಬಗ್ಗಿಸಿ ಹಿಡಿದು, ವಾಂತಿ ಮಾಡಿಸಿ, ಬಾಯಿ ತೊಳೆಸಿದರು. ಗಂಡ ಅಷ್ಟು ದೂರದಲ್ಲಿ ಫೋನಿನಲ್ಲಿ ಯಾರಿಗೋ ಏನೋ ವಿವರಿಸುತ್ತಿದ್ದ. ಅತ್ತೆ ಸೀದಾ ಹೋಗಿ ಅವನ ಕೈಯಿಂದ ಫೋನು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

“ಇದು ಎಲ್ಲೂ ಓಡಿಹೋಗಲ್ಲ. ಅವಳು ಹೋದಾಳು. ಬೆನ್ನು ಸವರಿ ಹೋಗಿ.”

ಜೋಪಾನಪ್ಪ ಬಾನೆಟ್ಟಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಮುಗಿಯಿತು. ಗೆಸ್ಟಿನ ಫೋನು ಕಿತ್ತುಕೊಂಡ ಮೇಲೆ ಇನ್ನೇನು ಉಳಿಯಿತು. ಭಾಮೈದ ಈ ಕಾರಿನ ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತು.

ಮತ್ತೆ ಹೊರಟಾಗ ಅತ್ತೆ ಗಂಡನನ್ನು ನಡುವೆ ಕೂರಿಸಿದ್ದರು. ಹಿಂದೆ ಪಿಸುಪಿಸು ಮಾತು. ಏನೆಂದು ಕೇಳಿಸದು. ಜೋಪಾನಪ್ಪ ಕನ್ನಡಿ ನೋಡಿದರೆ ಗಂಡನೂ ಕನ್ನಡಿಯಲ್ಲಿ ಇವನನ್ನೇ ನೋಡುತ್ತಿದ್ದ. ಬೆಚ್ಚಿಬಿದ್ದು ರಸ್ತೆ ನೋಡಿದ. ಮೇಷ್ಟ್ರು ಅಷ್ಟರಲ್ಲಿ ಒಂದು ಡಾಂಬರು ರಸ್ತೆಯಲ್ಲಿ ಹೊಳೆ ಹರಿಸಿ, ಅದರಲ್ಲಿ ದೋಣಿಯನ್ನೂ ಬಿಟ್ಟಿದ್ದರು.

ಮನೆಯ ತಿರುವು ಬಂತು. ಇಲ್ಲಾದರೂ ಇವರಿಬ್ಬರನ್ನು ಇಳಿಸಿಬಿಟ್ಟರೆ ಅರ್ಧ ಪಾಪವಾದರೂ ಕಳೆದೀತು ಎಂದುಕೊಂಡು ಕಾರು ನಿಧಾನ ಮಾಡಿದ.

“ಮೇಡಂ, ನಿಮ್ಮ ಡ್ಯೂಟಿ ಇಲ್ಲಿಗೆ ಮುಗೀತಲ್ಲ?” ಅಂದ ಅತ್ತೆಗೆ.

ಹುಡುಗಿ ಗಂಡನ ಆಚೆಗೆ ಕೈ ಚಾಚಿ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಇವರು ಇಳಿಯೋದು ಬೇಡ.”

ಗೇಟಿನಲ್ಲಿ ನಿಂತಿದ್ದ ಜೋಪಾನಪ್ಪನ ಹೆಂಡತಿ ಕಾರಿನೊಳಗೆ ಬಗ್ಗಿ ನೋಡಿ, “ಅಮ್ಮಾ, ಎಲ್ಲಿಗೆ ಹೊರಟೆ?” ಎಂದು ಕೂಗಿದಳು. ಇವನು ಆಕ್ಸಿಲರೇಟರ್ ಒತ್ತಿದ.

“ಆಕೆ ಇವರನ್ನ ಅಮ್ಮ ಅಂದ್ರಲ್ಲ?” ಎಂದ ಗಂಡ.

“ಈ ಕಡೆ ಎಲ್ಲರನ್ನೂ ಹಾಗೇ ಅಂತಾರೆ ಸಾರ್.”

ರೆಸಾರ್ಟಿನ ಬಾಗಿಲಲ್ಲಿ ಇಳಿದ ಗಂಡ ಜೋಪಾನಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯಿಂದ ಫೋನು ಇಸಿದುಕೊಂಡವನೇ ಕಾರಿನ ನಂಬರಿನ ಫೋಟೊ ತೆಗೆದ. ಜೋಪಾನಪ್ಪ ಬೇಗ ಬೇಗ ಕಾರು ಹತ್ತಿದ. ವಾಪಸು ಹೊರಟು ಸ್ವಲ್ಪ ದೂರ ಬರುವಷ್ಟರಲ್ಲಿ ಯಜಮಾನನ ಫೋನು ಬಂತು.

“ಈಗಿಂದೀಗ್ಲೇ ಆಫೀಸಿಗೆ ಬಾ. ಕಾರಲ್ಲಿ ಇರೋರನ್ನೂ ಕರ್ಕೊಂಡು ಬಾ.”

ಆಫೀಸಿನಲ್ಲಿ ಯಜಮಾನ ಮೇಜಿನ ಹಿಂದೆ, ಭಾಮೈದ ಸ್ಟೂಲಿನ ಮೇಲೆ. ಜೋಪಾನಪ್ಪ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ. “ಇವರು ನಮ್ಮತ್ತೆ ಯಜಮಾನ್ರೇ. ಇವರು ಪಕ್ಕದ್ಮನೆ ಮೇಷ್ಟ್ರು. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ.”

“ಕೇಳು ಇಲ್ಲಿ” ಎಂದು ಯಜಮಾನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. “ ‘ನಿಮ್ಮ ಕಂಪನಿಯ ಅಮ್ಮ ಇಲ್ಲದಿದ್ದರೆ ನಾವಿಬ್ಬರೂ ಬೇರೆ ಬೇರೆ ವಿಮಾನದಲ್ಲಿ ವಾಪಸು ಹೋಗುತ್ತಿದ್ದೆವು. ಗೈಡ್ ಅವರಂತೂ ಈ ದಾರಿ ಹಿಂದೆ ಹೇಗಿತ್ತು ಎಂಬುದನ್ನು ಕಣ್ಣಿಗೆ ಕಟ್ಟಿಸಿದರು. ಇಂಥ ಸೇವೆ ಎಲ್ಲೂ ನೋಡಿಲ್ಲ. ನಮ್ಮ ಸ್ನೇಹಿತರೆಲ್ಲ ಬರುವವರಿದ್ದಾರೆ. ಅವರಿಗೂ ಇದೇ ಏರ್ಪಾಡು ಮಾಡಿ.’ ”

ಜೋಪಾನಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು. ಅದರ ಹಿಂದೆಯೇ ಒಂದು ಮಾತೂ ಬಂತು.

“ಅದು ನಂದೇ ಐಡಿಯಾ ಯಜಮಾನ್ರೇ.”

“ಇರು, ಇನ್ನೂ ಇದೆ. ‘ಆದರೆ ನಾವು ಬುಕ್ ಮಾಡಿದ್ದು ಖಾಸಗಿ ಕಾರು. ಆ ಡ್ರೈವರು ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಕನ್ನಡಿಯಲ್ಲಿ ನಮ್ಮನ್ನೇ ಕದ್ದು ನೋಡುತ್ತಿದ್ದ. ಗೈಡ್ ಬಾಯಿ ತೆರೆದಾಗೆಲ್ಲ ಕೆಮ್ಮುತ್ತಿದ್ದ. ಅಮ್ಮನವರನ್ನು ನಡುದಾರಿಯಲ್ಲಿ ಇಳಿಸಿಬಿಡಲು ನೋಡಿದ. ಮನೆಯವರೆಲ್ಲ ಕೂತಿರುವಾಗ ಯಾರೋ ಹೊರಗಿನವನೊಬ್ಬ ಬಂದು ಸೇರಿಕೊಂಡ ಹಾಗಿತ್ತು. ಮುಂದಿನ ಸಲ ಅವನು ಬೇಡ.’ ”

ಯಜಮಾನ ಕೈ ಚಾಚಿದ. ಜೋಪಾನಪ್ಪ ಜೇಬಿನಿಂದ ಕೀ ತೆಗೆದು ಆ ಕೈಯಲ್ಲಿಟ್ಟ. ಹತ್ತು ವರ್ಷ ಜೇಬಿನಲ್ಲಿದ್ದು ನುಣುಪಾದ ಕೀ. ಯಜಮಾನ ಅದನ್ನು ಭಾಮೈದನ ಕಡೆ ಎಸೆದ.

“ಆ ಕೀ ಇಲ್ಲಿ ಕೊಡಪ್ಪಾ” ಎಂಬ ಮಾತು ಕೇಳಿಸಿತು.

ಅತ್ತೆ ಮುಂದೆ ಬಂದಿದ್ದರು. “ಅಳಿಯಂದ್ರು ಇಲ್ದೆ ನಾನು ಬರಲ್ಲ. ನಾನು ಬರ್ದಿದ್ರೆ ಮೇಷ್ಟ್ರೂ ಬರಲ್ಲ.”

“ಹೌದು ಕಣಯ್ಯಾ” ಅಂದರು ಮೇಷ್ಟ್ರು, ಗೋಡೆಯ ಕ್ಯಾಲೆಂಡರಿಗೆ.

ಜೋಪಾನಪ್ಪ ಅತ್ತೆಯನ್ನೇ ನೋಡಿದ. ಇಷ್ಟು ವರ್ಷ ತಾನು ಈ ತಾಯಿಯನ್ನು ಅರ್ಥ ಮಾಡಿಕೊಳ್ಳಲೇ ಇಲ್ಲವಲ್ಲ ಅನ್ನಿಸಿ ಕಣ್ಣು ಮಂಜಾಯಿತು.

ಯಜಮಾನ ಗಲ್ಲ ಕೆರೆದುಕೊಂಡ. “ಸರಿ ಅಮ್ಮ. ಆದ್ರೆ ಇನ್ಮೇಲೆ ಕಾರು ನಿಮ್ಮ ಸುಪರ್ದಿ. ಎಷ್ಟೊತ್ತಿಗೆ ಹೊರಡ್ಬೇಕು, ಎಲ್ಲಿ ನಿಲ್ಸಬೇಕು, ಎ.ಸಿ. ಎಷ್ಟಿಡಬೇಕು, ಇವನು ಮಾತಾಡ್ಬೇಕಾ ಬೇಡ್ವಾ, ಎಲ್ಲ ನೀವೇ ನೋಡ್ಕೋಬೇಕು.”

“ಅದಕ್ಕೇನು, ಮನೇಲಿ ಮಾಡ್ತಿರೋದೂ ಅದೇ ತಾನೇ?” ಎಂದರು ಅತ್ತೆ.

ಭಾಮೈದನ ಕೈಯಿಂದ ಕೀ ತೆಗೆದುಕೊಂಡರು. ಸೊಂಟಕ್ಕೆ ಸಿಕ್ಕಿಸಿದ್ದ ಗೊಂಚಲನ್ನು ಬಿಚ್ಚಿ, ತಲೆಬಾಗಿಲಿನದು, ಬೀರುವಿನದು, ಉಗ್ರಾಣದ್ದು, ಎಲ್ಲದರ ಜೊತೆಗೆ ಕಾರಿನದನ್ನೂ ಪೋಣಿಸಿ, ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಡೀರಿ ಅಳಿಯಂದ್ರೆ, ನಾನು ಇವರ ಹತ್ರ ನಾಳೆ ವಿಷಯ ಮಾತಾಡಿಕೊಂಡು ಬರ್ತೀನಿ.”

ಜೋಪಾನಪ್ಪ ಹೊರಗೆ ಹೋಗಿ ಕಾರಿನ ಪಕ್ಕ ನಿಂತುಕೊಂಡ. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ, ತೆಗೆದ. ಅತ್ತೆ ಯಾವಾಗ ಬಂದು ಬಾಗಿಲು ತೆಗೆಯುತ್ತಾರೋ ಎಂದು ಬಿಸಿಲಿನಲ್ಲಿ ಕಾಯತೊಡಗಿದ.